ಟೀಕಪ್ ನಾಯಿಮರಿ ಚುಕ್ಕಿ: ನೀರ್ಚಾಲಿನಿಂದ ಬೆಂಗಳೂರಿನ ಆಪರೇಷನ್ ತನಕ

ಕಳೆದ ವಾರ ಪುತ್ತೂರಿನಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. "ಚಿಕ್ಕಮ್ಮ, ನಿಮ್ಮ ಚುಕ್ಕಿಯ ಹಾಗಿನ ಟೀಕಪ್ ಮರಿ ನಮಗೂ ಬೇಕು. ಎಲ್ಲಿ ಸಿಗ್ತದೆ?" ಅಂತ ಕೇಳಿದಳು. ಒಂದು ಗಂಟೆಗಿಂತ ಜಾಸ್ತಿ ಮಾತಾಡಿದೆವು. ಫೋನ್ ಇಟ್ಟ ಮೇಲೆ, ಅವಳಿಗೆ ಹೇಳಿದ್ದನ್ನೆಲ್ಲ ಬರೆದಿಡಬೇಕು ಅನಿಸಿತು. ಹತ್ತು ತಿಂಗಳ ಹಿಂದೆ ಯಾರಾದರೂ ನನ್ನನ್ನು ಕೂರಿಸಿ ಇಷ್ಟು ಹೇಳಿದ್ದರೆ, ಎಷ್ಟೋ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ ನೀರ್ಚಾಲು. ಅಡಿಕೆ ತೋಟದ ಮನೆ. ನಾಯಿ ನಮಗೆ ಹೊಸತಲ್ಲ, ಅಂಗಳದಲ್ಲಿ ಯಾವಾಗಲೂ ಒಂದು ಊರ ನಾಯಿ ಇದ್ದೇ ಇತ್ತು. ಆದರೆ ಏಳನೇ ಕ್ಲಾಸಿನ ಮಗಳು ಮೊಬೈಲಿನಲ್ಲಿ ಟೀಕಪ್ ಅನ್ನುವ, ಅಂಗೈ ಮೇಲೆ ಕೂರುವಷ್ಟು ಪುಟ್ಟ ಮರಿಗಳನ್ನು ನೋಡಿ ನೋಡಿ ಅದೇ ಬೇಕು ಅಂತ ಹಟ ಹಿಡಿದಳು. ಕೊನೆಗೆ ನನಗೂ ಆಸೆ ಆಯಿತು. ಬೆಂಗಳೂರಿನ ಒಬ್ಬ ಬ್ರೀಡರ್ ಫೋಟೋ ಕಳಿಸಿದ. ಯಾರ್ಕ್‌ಶೈರ್ ಟೆರಿಯರ್, ಯಾರ್ಕಿ ಅಂತಲೂ ಕರೆಯುತ್ತಾರೆ, ಒಂದೇ ಸೂಲಿನ ಮೂರು ಮರಿ. ಎರಡಕ್ಕೆ ತಲಾ 30 ಸಾವಿರ. ಮೂರನೆಯದು ಅವುಗಳ ಅರ್ಧದಷ್ಟೇ ಇತ್ತು. "ಇದು ಮೈಕ್ರೋ ಟೀಕಪ್ ಮೇಡಂ, ತುಂಬ ಅಪರೂಪ, 55 ಸಾವಿರ" ಅಂದ. ನಾವು ಆ ಮೂರನೆಯದನ್ನೇ ಆರಿಸಿದೆವು.

ಜೂನ್ ಎರಡನೇ ವಾರ ಮರಿ ಬಂತು. ಅಡುಗೆಮನೆಯ ತಕ್ಕಡಿ ಮೇಲೆ ಒಂದು ಅಡಿಕೆ ಹಾಳೆಯ ತಟ್ಟೆ ಇಟ್ಟು, ಅದರಲ್ಲಿ ಕೂರಿಸಿ ತೂಗಿದೆವು. ತಟ್ಟೆಯ ತೂಕ ಕಳೆದು 410 ಗ್ರಾಂ. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದೆಂತದು, ಅಳಿಲಿನ ಮರಿಯ ಹಾಗೆ ಉಂಟು. ಇದಕ್ಕೆ ತಾಯಿ ಹಾಲು ಬಿಟ್ಟಿದೆಯಾ?" ಅಂದರು. 70 ದಿನ ಆಗಿದೆ ಅಂತ ಬ್ರೀಡರ್ ಹೇಳಿದ್ದಾನೆ ಅಂದೆ. ಅವರು ಮತ್ತೆ ಮಾತಾಡಲಿಲ್ಲ.

ಮೂರನೇ ರಾತ್ರಿ ಜೋರು ಮಳೆ, ಕರೆಂಟ್ ಇಲ್ಲ. ಎರಡೂವರೆಗೆ ಯಾಕೋ ಎಚ್ಚರ ಆಯಿತು. ಟಾರ್ಚ್ ಹಾಕಿ ಬುಟ್ಟಿ ನೋಡಿದರೆ ಚುಕ್ಕಿ ಒಂದು ಬದಿಗೆ ಬಿದ್ದಿದ್ದಳು. ಎತ್ತಿಕೊಂಡೆ. ಹಿಂಡಿದ ಬಟ್ಟೆಯ ಹಾಗೆ ಕೈಯಿಂದ ಜೋತುಬಿದ್ದಳು. ಮೈ ತಣ್ಣಗೆ, ಒಸಡು ಬಿಳಿಚಿತ್ತು, ಹಿಂದಿನ ಕಾಲು ಸಣ್ಣಗೆ ನಡುಗುತ್ತಿತ್ತು. ಸತ್ತೇ ಹೋಗುತ್ತದೆ ಅಂದುಕೊಂಡೆ. ಇವರು ನಮ್ಮ ಪಂಚಾಯತಿನ ಮೃಗಾಸ್ಪತ್ರೆಯ ಡಾಕ್ಟರಿಗೆ ಫೋನ್ ಹಚ್ಚಿದರು. ಆ ಹೊತ್ತಿನಲ್ಲೂ ಅವರು ಎತ್ತಿದರು, ಆ ಉಪಕಾರ ನಾನು ಮರೆಯುವುದಿಲ್ಲ. "ಜೇನುತುಪ್ಪ ಉಂಟಾ? ಬೆರಳಿಗೆ ತಾಗಿಸಿ ಒಸಡಿಗೆ ಉಜ್ಜಿ. ಬಾಯಿಗೆ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗ್ತದೆ. ಮೈ ಬೆಚ್ಚಗೆ ಮಾಡಿ" ಅಂದರು. ಬಿಸಿನೀರಿನ ಬಾಟ್ಲಿಗೆ ಬೈರಾಸು ಸುತ್ತಿ ಅವಳ ಪಕ್ಕ ಇಟ್ಟೆ. ಜೇನು ಉಜ್ಜುತ್ತಾ ಕುಳಿತೆ. ಇಪ್ಪತ್ತು ನಿಮಿಷ ಕಳೆದ ಮೇಲೆ ನಾಲಿಗೆ ಹೊರಗೆ ಬಂತು, ನನ್ನ ಬೆರಳು ನೆಕ್ಕಿದಳು.

ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮೊದಲು ಅತ್ತೆಯ ಶುಗರ್ ಮೆಷಿನ್ ನೆನಪಾಯಿತು. ಡಾಕ್ಟರ್ ಅದನ್ನೇ ತರಲು ಹೇಳಿ, ಕಿವಿಯ ಅಂಚಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದರು. 51 ತೋರಿಸಿತು. ಮನುಷ್ಯರ ಮೆಷಿನ್ ನಾಯಿಗಳಲ್ಲಿ ಸ್ವಲ್ಪ ಕಡಿಮೆ ತೋರಿಸುತ್ತದೆ, ಆದರೂ ಜೇನು ತಿಂದ ಮೇಲೂ ಇಷ್ಟೇ ಅಂದರೆ ರಾತ್ರಿ ಇನ್ನೂ ಕೆಳಗೆ ಹೋಗಿರಬೇಕು ಅಂದರು. 60ಕ್ಕಿಂತ ಕೆಳಗಿಳಿದರೆ ಅದು ಕಡಿಮೆಯೇ. ತೀರಾ ಸಣ್ಣ ಮರಿಗಳ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಸಕ್ಕರೆ ಕೂಡಿಡುವುದಕ್ಕೆ ಜಾಗವೇ ಇಲ್ಲ. ಒಂದು ಹೊತ್ತು ಊಟ ತಪ್ಪಿದರೆ, ಸ್ವಲ್ಪ ಚಳಿ ಆದರೆ, ಜಾಸ್ತಿ ಆಡಿದರೆ ಶುಗರ್ ಇಳಿಯುತ್ತದೆ. ಅಲ್ಲಿಂದ ಫಿಟ್ಸ್, ಆಮೇಲೆ ಸಾವು.

ಆಮೇಲೆ ಅವರು ಚುಕ್ಕಿಯ ಬಾಯಿ ತೆರೆದು ನನಗೂ ತೋರಿಸಿದರು. ನಾಯಿಮರಿಗೆ ಎಂಟು ವಾರ ಆಗುವಷ್ಟರಲ್ಲಿ 28 ಹಾಲುಹಲ್ಲುಗಳೂ ಬಂದಿರುತ್ತವೆ. ಇವಳ ಹಿಂದಿನ ಹಲ್ಲು ಆಗಷ್ಟೇ ಒಸಡು ಸೀಳುತ್ತಿತ್ತು. "70 ದಿನ ಅಲ್ಲ, ಆರು ವಾರ ಆಗಿದ್ದರೆ ಹೆಚ್ಚು" ಅಂದರು. ಚಿಕ್ಕದಾಗಿ ಕಾಣಲಿ ಅಂತ ಎಳೆ ಮರಿಯನ್ನೇ ದೊಡ್ಡದು ಅಂತ ಮಾರುವುದು ನಡೆಯುತ್ತದಂತೆ. 2017ರ ಡಾಗ್ ಬ್ರೀಡಿಂಗ್ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಬ್ರೀಡರ್ ಆದವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿರಬೇಕು. ಮರಿ ನೋಡುವ ಮೊದಲು ಆ ನೋಂದಣಿ ಕಾಗದ ಕೇಳಿ. ನಾನು ಕೇಳಿರಲಿಲ್ಲ.

ತಲೆಯ ಮೇಲೆ ಬೆರಳಾಡಿಸಿದ ಡಾಕ್ಟರ್ ನನ್ನ ಬೆರಳನ್ನೂ ಅಲ್ಲಿಟ್ಟರು. ಕಡಲೆಕಾಳಿನಷ್ಟು ಜಾಗದಲ್ಲಿ ಎಲುಬೇ ಇಲ್ಲ, ಮೆತ್ತಗಿತ್ತು. ನೆತ್ತಿ ಕೂಡಿರಲಿಲ್ಲ. ಪುಟ್ಟ ತಳಿಗಳಲ್ಲಿ ಇದು ಇರುತ್ತದೆ, ಕೆಲವಕ್ಕೆ ಆಮೇಲೆ ಕೂಡುತ್ತದೆ, ಕೆಲವಕ್ಕೆ ಇಲ್ಲ. ಜೊತೆಗೆ ತಲೆಯೊಳಗೆ ನೀರು ತುಂಬಿದ್ದರೆ ಕಷ್ಟ. ಸೋಫಾದಿಂದ ಹಾರಲು ಬಿಡಬೇಡಿ ಅಂದರು. ಇಂಥ ನಾಯಿಗಳ ಮುಂಗಾಲಿನ ಎಲುಬು ಅಷ್ಟು ಎತ್ತರದಿಂದ ಬಿದ್ದರೂ ಮುರಿಯುತ್ತದೆ, ಆ ಜಾಗಕ್ಕೆ ರಕ್ತ ಓಡಾಡುವುದು ಕಡಿಮೆ ಆದ್ದರಿಂದ ಕೂಡುವುದೂ ತಡ. ಕುತ್ತಿಗೆಗೆ ಪಟ್ಟಿ ಕಟ್ಟಬೇಡಿ, ಶ್ವಾಸನಾಳ ಕುಸಿದರೆ ಬಾತುಕೋಳಿಯ ಹಾಗೆ ಕೆಮ್ಮಲು ಶುರು ಮಾಡುತ್ತದೆ, ಎದೆಗೆ ಹಾಕುವ ಹಾರ್ನೆಸ್ ತನ್ನಿ ಅಂದರು. ನಾನು ಒಂದೊಂದನ್ನೇ ಮಗಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತಿದ್ದೆ. ಪುಟ ತುಂಬಿತು. ಮಗಳ ಮುಖ ಸಪ್ಪಗಾಗಿತ್ತು.

ಅಂದಿನಿಂದ ಮೂರು ಗಂಟೆಗೊಮ್ಮೆ ಊಟ. ರಾತ್ರಿ ಹನ್ನೆರಡಕ್ಕೆ, ಮೂರಕ್ಕೆ ಅಲಾರಂ. ನಾನೂ ಇವರೂ ಸರದಿ ಮಾಡಿಕೊಂಡೆವು. ನಮ್ಮದು ಸಸ್ಯಾಹಾರಿ ಮನೆ. ಮೊದಲಿಗೆ ಅನ್ನ, ಮೊಸರು, ಸ್ವಲ್ಪ ಬೇಯಿಸಿದ ಕುಂಬಳಕಾಯಿ ಕೊಡುತ್ತಿದ್ದೆ. ಜುಲೈ ಪೂರ್ತಿ ಚೆನ್ನಾಗಿದ್ದಳು.

ಲಸಿಕೆಯ ವಿಷಯ ಒಂದು ಮಾತು. ಟೀಕಪ್ ನಾಯಿಗೆ ಅರ್ಧ ಡೋಸ್ ಸಾಕು ಅಂತ ಬ್ರೀಡರ್ ಹೇಳಿದ್ದ. ಅದು ತಪ್ಪು. ಲಸಿಕೆಯ ಡೋಸ್ ನಾಯಿಯ ತೂಕ ನೋಡಿ ಕಡಿಮೆ ಮಾಡುವಂಥದ್ದಲ್ಲ. ಆದರೆ ಒಂದೇ ದಿನ ಹಲವು ಇಂಜೆಕ್ಷನ್ ಕೊಟ್ಟರೆ ಸಣ್ಣ ನಾಯಿಗಳಿಗೆ ತೊಂದರೆ ಆಗುವುದು ಜಾಸ್ತಿ, ಅದಕ್ಕೆ ನಮ್ಮ ಡಾಕ್ಟರ್ ಬೇರೆ ಬೇರೆ ವಾರ ಕೊಟ್ಟರು. ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ಆ ಸರ್ಟಿಫಿಕೇಟ್ ಇಟ್ಟುಕೊಂಡು ಪಂಚಾಯತಿನಲ್ಲಿ ನಾಯಿಯ ಲೈಸೆನ್ಸ್ ಮಾಡಿಸಬೇಕು. ಫಾರಂ ಮಲಯಾಳದಲ್ಲಿತ್ತು. ಓದಲು ಬಾರದವರು ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಇನ್ನೊಂದು ದಿನದ ಕೆಲಸ ಕೆಡುತ್ತದೆ.

ಆಗಸ್ಟಿನಲ್ಲಿ ಬ್ರೀಡರಿಗೆ ಫೋನ್ ಮಾಡಿದಾಗ, ಅನ್ನ ಮೊಸರು ಕೊಟ್ಟರೆ ಬೆಳೆಯುವುದು ಹೇಗೆ, ಪ್ರೋಟೀನ್ ಜಾಸ್ತಿ ಇರುವ ಚಿಕನ್ ಆಹಾರ ಕೊಡಿ ಅಂದ. ಡಬ್ಬಿ ತರಿಸಿದೆವು. ಮಾಂಸ ನಮ್ಮ ಮನೆಯೊಳಗೆ ಬಂದದ್ದು ಅದೇ ಮೊದಲು, ಚುಕ್ಕಿಗಾಗಿ ಅತ್ತೆ ಅದನ್ನೂ ಸಹಿಸಿಕೊಂಡರು. ಅವಳು ಆಸೆಯಿಂದ ತಿಂದಳು.

ನಾಲ್ಕನೇ ದಿನವೋ ಐದನೇ ದಿನವೋ, ಮಗಳು ಅಡುಗೆಮನೆಯಿಂದ ಕರೆದಳು. "ಅಮ್ಮಾ, ಬಾ ನೋಡು, ಚುಕ್ಕಿ ಕಣ್ಣಾಮುಚ್ಚಾಲೆ ಆಡ್ತಾ ಇದ್ದಾಳೆ." ಹೋಗಿ ನೋಡಿದೆ. ಅಕ್ಕಿ ಡಬ್ಬದ ಪಕ್ಕದ ಮೂಲೆಯಲ್ಲಿ, ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಕರೆದರೆ ತಿರುಗಲಿಲ್ಲ. ಬಾಯಿಂದ ಜೊಲ್ಲು ಇಳಿದು ಎದೆಯ ಕೂದಲು ಒದ್ದೆಯಾಗಿತ್ತು. ಮೆಲ್ಲ ಎತ್ತಿ ಆಚೆ ಬಿಟ್ಟರೆ ಎರಡು ಸುತ್ತು ಸುತ್ತಿ ಮತ್ತೆ ಅದೇ ಗೋಡೆಗೆ ಹೋಗಿ ಹಣೆ ಒತ್ತಿದಳು. ಆ ದೃಶ್ಯ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ನಾಯಿ ಹೀಗೆ ಗೋಡೆಗೆ ತಲೆ ಒತ್ತಿ ನಿಂತರೆ ದಯವಿಟ್ಟು ಅದನ್ನು ಆಟ ಅಂದುಕೊಳ್ಳಬೇಡಿ. ಮೆದುಳಿಗೆ ತೊಂದರೆ ಆಗಿದೆ ಅಂತ ಅರ್ಥ. ಅದೇ ದಿನ ಡಾಕ್ಟರಿಗೆ ತೋರಿಸಿ.

ನಾವು ಜೇನು ಉಜ್ಜಿದೆವು. ಸಣ್ಣ ನಾಯಿ, ಶುಗರ್ ಇಳಿದಿರಬೇಕು ಅಂತಲೇ ನಮ್ಮ ತಲೆಯಲ್ಲಿ ಇತ್ತು. ಒಂದು ಗಂಟೆಯಲ್ಲಿ ಸರಿಯಾದಳು. ಹಾಗಾಗಿ ಅದೇ ಸರಿ ಅಂದುಕೊಂಡೆವು. ಸೆಪ್ಟೆಂಬರ್ ತಿಂಗಳಲ್ಲಿ ಹೀಗೆ ಐದು ಸಲ ಆಯಿತು. ಎರಡು ಸಲ ಫಿಟ್ಸ್ ಬಂತು. ಎರಡನೇ ಸಲ ಕುಂಬಳೆ ದಾಟಿ, ತಲಪಾಡಿ ಟೋಲ್ ದಾಟಿ ಮಂಗಳೂರಿನ ಕ್ಲಿನಿಕ್‌ಗೆ ರಾತ್ರಿ ಓಡಿದೆವು. ಅಲ್ಲಿ ಗ್ಲೂಕೋಸ್ ಡ್ರಿಪ್ ಹಾಕಿ, ಟೀಕಪ್‌ಗಳಲ್ಲಿ ಇದು ಸಾಮಾನ್ಯ, ಪದೇ ಪದೇ ಊಟ ಕೊಡಿ ಅಂತ ಹೇಳಿ ಕಳಿಸಿದರು. ಪದೇ ಪದೇ ಕೊಡುತ್ತಲೇ ಇದ್ದೆನಲ್ಲ ಅಂತ ವಾಪಸ್ ಬರುವಾಗ ಕಾರಿನಲ್ಲಿ ಅಳು ಬಂತು.

ಗುಟ್ಟು ಹಿಡಿದದ್ದು ಅತ್ತೆ. ಒಂದು ಬೆಳಿಗ್ಗೆ ವೀಳ್ಯದ ಹರಿವಾಣ ಎದುರಿಗೆ ಇಟ್ಟುಕೊಂಡು, "ನಾನು ನೋಡ್ತಾ ಇದ್ದೇನೆ. ಆ ಡಬ್ಬಿಯದ್ದು ತಿಂದ ದಿನ ಮಾತ್ರ ಇದಕ್ಕೆ ಹೀಗಾಗುವುದು. ಡಬ್ಬಿ ಖಾಲಿ ಆಗಿ ಮೊಸರನ್ನ ಹಾಕಿದ್ದೆವಲ್ಲ, ಆ ನಾಲ್ಕು ದಿನ ಎಂತದೂ ಇಲ್ಲ" ಅಂದರು. ನಾನು ಮೊಬೈಲಿನಲ್ಲಿ ತೆಗೆದಿಟ್ಟ ವಿಡಿಯೋಗಳ ತಾರೀಕು, ಗಂಟೆ ನೋಡಿದೆ. ಎಲ್ಲವೂ ಊಟ ಆಗಿ ಒಂದೆರಡು ಗಂಟೆಯೊಳಗಿನವು. ಹೊಟ್ಟೆ ಖಾಲಿ ಇದ್ದು ಶುಗರ್ ಇಳಿಯುವುದಾದರೆ ಊಟದ ಮೊದಲು ಆಗಬೇಕಿತ್ತು ಅಲ್ವಾ?

ಇದನ್ನು ಕೇಳಿದ ಕೂಡಲೇ ನಮ್ಮ ಊರಿನ ಡಾಕ್ಟರ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. "ಲಿವರ್ ಶಂಟ್ ಇರಬಹುದು. ಯಾರ್ಕಿಗಳಲ್ಲಿ ಬೇರೆ ನಾಯಿಗಳಿಗಿಂತ ಇದು ತುಂಬ ಜಾಸ್ತಿ" ಅಂದರು. ಅವರು ಹೇಳಿದ್ದು ಇಷ್ಟು. ಕರುಳಿನಿಂದ ಬರುವ ರಕ್ತ ಮೊದಲು ಲಿವರ್‌ಗೆ ಹೋಗಬೇಕು. ಅಲ್ಲಿ ವಿಷ ಸೋಸಿ ಹೋಗುತ್ತದೆ. ಕೆಲವು ಮರಿಗಳು ಹುಟ್ಟುವಾಗಲೇ ಒಂದು ಅಡ್ಡ ರಕ್ತನಾಳ ಇಟ್ಟುಕೊಂಡು ಹುಟ್ಟುತ್ತವೆ. ರಕ್ತ ಲಿವರ್ ಬಿಟ್ಟು ಆ ದಾರಿಯಲ್ಲಿ ನೇರ ಹೃದಯದ ಕಡೆ ಹೋಗುತ್ತದೆ. ಮಾಂಸದ ಪ್ರೋಟೀನ್ ಕರಗಿದಾಗ ಹುಟ್ಟುವ ಅಮೋನಿಯಾ ಸೋಸದೆ ಮೆದುಳಿಗೆ ಹೋಗುತ್ತದೆ. ಹಾಲು, ಮೊಸರು, ತರಕಾರಿಯ ಪ್ರೋಟೀನ್ ಅಷ್ಟು ತೊಂದರೆ ಕೊಡುವುದಿಲ್ಲ. ಸಕ್ಕರೆ ಕೂಡಿಡುವುದೂ ಲಿವರ್‌ನ ಕೆಲಸವೇ. ಅದಕ್ಕೇ ಶುಗರ್ ಕೂಡ ಇಳಿಯುತ್ತಿತ್ತು. ಇವರು ಪಕ್ಕದಲ್ಲಿ ನಿಂತು ಕೇಳುತ್ತಿದ್ದವರು, "ಹೊಳೆಗೆ ಅಡ್ಡ ಹಾಕಿದ ಕಟ್ಟ ಒಡೆದ ಹಾಗೆ. ತೋಟಕ್ಕೆ ಬರಬೇಕಾದ ನೀರು ಸೀದಾ ಹೊಳೆಗೆ" ಅಂದರು. ನಮ್ಮ ಕಡೆಯವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ.

ಡಬ್ಬಿ ಆಹಾರ ಅದೇ ದಿನ ನಿಂತಿತು. ಲ್ಯಾಕ್ಟುಲೋಸ್ ಶುರುವಾಯಿತು. ಅದು ಮನುಷ್ಯರಿಗೆ ಮಲಬದ್ಧತೆಗೆ ಕೊಡುವ ಅಂಟು ಅಂಟು ಸಿರಪ್, ಯಾವ ಮೆಡಿಕಲ್‌ನಲ್ಲೂ ಸಿಗುತ್ತದೆ. ಕರುಳಿನಲ್ಲಿ ಅಮೋನಿಯಾ ರಕ್ತಕ್ಕೆ ಸೇರದ ಹಾಗೆ ತಡೆಯುತ್ತದೆ. ಫಿಟ್ಸ್‌ಗೆ ಲೆವೆಟಿರಾಸೆಟಮ್, ಎಂಟು ಗಂಟೆಗೊಮ್ಮೆ. ಅದೂ ಮನುಷ್ಯರ ಸಿರಪ್ಪೇ. 700 ಗ್ರಾಂ ನಾಯಿಗೆ ಬೇಕಾದಷ್ಟು ಅಳೆಯಲು 1 ಮಿಲಿಯ ಸಿರಿಂಜ್ ಬೇಕು, ಚಮಚದಲ್ಲಿ ಅಳೆಯಲು ಹೋಗಬೇಡಿ. ಮನುಷ್ಯರ ಯಾವ ಸಿರಪ್ ಕೊಡುವುದಾದರೂ ಲೇಬಲ್‌ನಲ್ಲಿ ಜೈಲಿಟಾಲ್ ಇದೆಯಾ ನೋಡಿ. ಆ ಸಿಹಿ ನಾಯಿಗೆ ವಿಷ. ಇದನ್ನು ಡಾಕ್ಟರ್ ಎರಡು ಸಲ ಹೇಳಿದರು.

ಖಚಿತ ಮಾಡಿಕೊಳ್ಳಲು ಬೈಲ್ ಆಸಿಡ್ ಪರೀಕ್ಷೆ, ಅಂದರೆ ಪಿತ್ತದ ಆಮ್ಲವನ್ನು ಲಿವರ್ ರಕ್ತದಿಂದ ಸರಿಯಾಗಿ ತೆಗೆಯುತ್ತದೆಯಾ ಅಂತ ನೋಡುವ ಪರೀಕ್ಷೆ. ಉಪವಾಸದಲ್ಲಿ ಒಂದು ಸಲ, ಊಟ ಮಾಡಿಸಿ ಎರಡು ಗಂಟೆ ಬಿಟ್ಟು ಇನ್ನೊಂದು ಸಲ ರಕ್ತ ತೆಗೆಯಬೇಕು. ಸಾಮಾನ್ಯವಾಗಿ 12 ಗಂಟೆ ಉಪವಾಸ. ಚುಕ್ಕಿಯನ್ನು 12 ಗಂಟೆ ಉಪವಾಸ ಕೂರಿಸಿದರೆ ಅವಳು ಉಳಿಯುವುದಿಲ್ಲ! ಎರಡು ವಾರ ಈ ಒಂದು ತೊಡಕಿನಲ್ಲೇ ಹೋಯಿತು. ಕೊನೆಗೆ ಮಂಗಳೂರಿನ ಇನ್ನೊಂದು ಕ್ಲಿನಿಕ್‌ನವರು ಒಪ್ಪಿದರು. ಬೆಳಗಿನ ಜಾವ ನಾಲ್ಕಕ್ಕೆ ಊಟ ಕೊಟ್ಟು ಹೊರಟೆವು. ಕ್ಲಿನಿಕ್‌ನಲ್ಲೇ ಇಟ್ಟುಕೊಂಡು, ಗಂಟೆಗೊಮ್ಮೆ ಶುಗರ್ ನೋಡುತ್ತಾ, ಡ್ರಿಪ್ ಪಕ್ಕದಲ್ಲಿ ತಯಾರಿಟ್ಟುಕೊಂಡು, ಆರು ಗಂಟೆ ಕಳೆದ ಮೇಲೆ ರಕ್ತ ತೆಗೆದರು. ನಿಮ್ಮ ನಾಯಿಯೂ ಇಷ್ಟು ಸಣ್ಣದಾದರೆ ಮನೆಯಲ್ಲಿ ಉಪವಾಸ ಹಾಕಬೇಡಿ. ಕ್ಲಿನಿಕ್‌ನಲ್ಲೇ ಮಾಡಿ ಅಂತ ಗಟ್ಟಿಯಾಗಿ ಕೇಳಿ. ರಕ್ತದ ಅಮೋನಿಯಾ ಪರೀಕ್ಷೆ ಅಂತ ಇನ್ನೊಂದು ಇದೆ, ಅದಕ್ಕೆ ರಕ್ತವನ್ನು ಐಸ್‌ನಲ್ಲಿಟ್ಟು ತಕ್ಷಣ ಪರೀಕ್ಷಿಸಬೇಕು. ನಮ್ಮಂಥ ಊರಿನಿಂದ ಕಳಿಸಿ ಮಾಡಿಸುವುದು ಆಗದ ಮಾತು.

ನಾಲ್ಕು ದಿನ ಕಾದೆವು. ಊಟದ ನಂತರದ ಅಂಕೆ 25ರೊಳಗೆ ಇರಬೇಕು. ಚುಕ್ಕಿಯದ್ದು 184. ಸ್ಕ್ಯಾನಿಂಗ್‌ನಲ್ಲಿ ಲಿವರ್ ಪುಟ್ಟದಾಗಿತ್ತು, ಮೂತ್ರಕೋಶದಲ್ಲಿ ಮರಳಿನಂಥ ಸಣ್ಣ ಕಲ್ಲುಗಳಿದ್ದವು. ಅಮೋನಿಯಾ ಜಾಸ್ತಿ ಇದ್ದರೆ ಅದೂ ಆಗುತ್ತದಂತೆ.

ಆಪರೇಷನ್ ಎಲ್ಲಿ? ತೃಶ್ಶೂರಿನ ಹತ್ತಿರದ ಮಣ್ಣುತ್ತಿಯ ಪಶುವೈದ್ಯ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಕಾಲೇಜು, ಇಲ್ಲ ಖಾಸಗಿ ಆಸ್ಪತ್ರೆ ಅಂತ ಡಾಕ್ಟರ್ ಮೂರು ದಾರಿ ಹೇಳಿದರು. ನಾದಿನಿಯ ಮನೆ ಬೆಂಗಳೂರಿನಲ್ಲಿ ಇರುವುದರಿಂದ, ಈ ಆಪರೇಷನ್ ಮೊದಲು ಮಾಡಿ ಗೊತ್ತಿರುವ ಸರ್ಜನ್ ಇದ್ದ ಅಲ್ಲಿನ ಒಂದು ಖಾಸಗಿ ಆಸ್ಪತ್ರೆ ನೋಡಿದೆವು. ಆಪರೇಷನ್ ಬೇಡ, ಔಷಧಿ ಪಥ್ಯದಲ್ಲೇ ಇರಲಿ ಅನ್ನುವುದೂ ಒಂದು ದಾರಿ. ಅದನ್ನು ಆರಿಸಿದವರನ್ನು ನಾನು ತಪ್ಪು ಅನ್ನುವುದಿಲ್ಲ. ಖರ್ಚು ಎಲ್ಲರಿಗೂ ಆಗುವಂಥದ್ದಲ್ಲ. ನಾವು ವಿಚಾರಿಸಿದ ಇನ್ಶೂರೆನ್ಸ್‌ನಲ್ಲಿ ಹುಟ್ಟಿನಿಂದ ಬಂದ ಕಾಯಿಲೆಗೆ ಹಣ ಕೊಡುವುದಿಲ್ಲ ಅಂದರು.

ಅಪಾಯಿಂಟ್‌ಮೆಂಟ್‌ಗೆ ಮೂರು ವಾರ. ನವೆಂಬರಿನಲ್ಲಿ ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದೆವು. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಎರಡು ಚಮಚ ಮೊಸರನ್ನ. ಮಡಿಕೇರಿಯಲ್ಲಿ ಚಳಿ, ಅವಳನ್ನು ನನ್ನ ಸ್ವೆಟರಿನ ಒಳಗೆ ಇಟ್ಟುಕೊಂಡೆ. ಹೊರಡುವಾಗ ಲಸಿಕೆ ಪುಸ್ತಕ, ಹಿಂದಿನ ಎಲ್ಲ ರಕ್ತ ಪರೀಕ್ಷೆಯ ಕಾಗದ, ಸ್ಕ್ಯಾನಿಂಗ್ ಸಿಡಿ, ಫಿಟ್ಸ್‌ನ ವಿಡಿಯೋ, ಏನು ತಿಂದಾಗ ಏನಾಯಿತು ಅಂತ ಬರೆದ ನೋಟ್‌ಬುಕ್ಕು, ಇಷ್ಟು ಒಂದೇ ಚೀಲದಲ್ಲಿರಲಿ. ಸರ್ಜನ್ ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡಿದ್ದು ಆ ನೋಟ್‌ಬುಕ್ಕನ್ನು.

ಸಿಟಿ ಸ್ಕ್ಯಾನ್ ಆಯಿತು. ಅದಕ್ಕೂ ಅರಿವಳಿಕೆ ಕೊಡಬೇಕು. ಲಿವರ್ ಕೆಲಸ ಮಾಡದ ನಾಯಿಗೆ ಅರಿವಳಿಕೆ ಇಳಿಯುವುದು ತಡ, ಇಷ್ಟು ಸಣ್ಣ ಮೈ ಬಿಸಿಯನ್ನು ಬೇಗ ಕಳೆದುಕೊಳ್ಳುತ್ತದೆ. ಇವೆರಡೂ ಅಪಾಯ ಅಂತ ಮೊದಲೇ ಹೇಳಿ ಸಹಿ ಹಾಕಿಸಿಕೊಂಡರು. ಒಂದೂವರೆ ಗಂಟೆ ಹೊರಗೆ ಬೆಂಚಿನಲ್ಲಿ ಕುಳಿತಿದ್ದೆವು. ಮಗಳು ನನ್ನ ಸೆರಗು ಬಿಡಲಿಲ್ಲ.

ಆಮೇಲೆ ಸರ್ಜನ್ ಕಂಪ್ಯೂಟರಿನಲ್ಲಿ ಆ ಅಡ್ಡ ನಾಳ ತೋರಿಸಿದರು. ನಾನು ಕೇಳಿದೆ, "ಟೀಕಪ್ ತಳಿ ಆದ್ದರಿಂದ ಹೀಗಾ ಡಾಕ್ಟ್ರೇ?" ಅವರು ಹೇಳಿದ ಮಾತು ನನಗೆ ಇನ್ನೂ ನುಂಗಲು ಆಗಿಲ್ಲ. "ಅಮ್ಮಾ, ಟೀಕಪ್ ಅಂತ ತಳಿಯೇ ಇಲ್ಲ. ತಳಿ ನೋಂದಾಯಿಸುವ ಕೆನಲ್ ಕ್ಲಬ್‌ನವರು ಯಾರೂ ಅದನ್ನು ಒಪ್ಪಿಲ್ಲ. ಯಾರ್ಕಿ ಅಂದರೆ ಸುಮಾರು ಮೂರು ಕೆಜಿಯ ನಾಯಿ. ಲಿವರ್‌ಗೆ ರಕ್ತ ಸಿಗದ ಮರಿ ಬೆಳೆಯುವುದಿಲ್ಲ. ಸೂಲಿನಲ್ಲಿ ಎಲ್ಲಕ್ಕಿಂತ ಸಣ್ಣದಾಗಿ ಉಳಿಯುವುದು ಅದೇ. ಅದನ್ನೇ ನಿಮಗೆ ಟೀಕಪ್ ಅಂತ ಮಾರಿದ್ದಾರೆ."

30 ಸಾವಿರದ ಆ ಎರಡು ಮರಿಗಳು ನೆನಪಾದವು. ಚುಕ್ಕಿಗೆ ನಾವು ಕೊಟ್ಟ ಹೆಚ್ಚಿನ 25 ಸಾವಿರ ಅವಳ ಕಾಯಿಲೆಯ ಬೆಲೆ. ಅವಳು ಬೆಳೆಯಲು ಆಗದೆ ಒದ್ದಾಡುತ್ತಿದ್ದದ್ದನ್ನೇ ನಾವು ಮುದ್ದು ಅಂದುಕೊಂಡು ಆರಿಸಿದ್ದೆವು.

ಸಣ್ಣ ನಾಯಿ ಅನ್ನುವುದೇ ತಪ್ಪಲ್ಲ ಅಂತಲೂ ಅವರು ವಿವರಿಸಿದರು. ನಾಯಿಯ ಗಾತ್ರ ನಿರ್ಧರಿಸುವುದರಲ್ಲಿ ಐಜಿಎಫ್1 ಅನ್ನುವ ಒಂದು ಜೀನ್‌ಗೆ ದೊಡ್ಡ ಪಾಲಿದೆ. ಅದು 2007ರಲ್ಲಿ ಗೊತ್ತಾಯಿತು. ಅದರ ಸಣ್ಣ ಗಾತ್ರದ ರೂಪ 54 ಸಾವಿರ ವರ್ಷ ಹಿಂದಿನ ತೋಳದಲ್ಲೂ ಇತ್ತು ಅಂತ 2022ರಲ್ಲಿ ಕಂಡುಕೊಂಡರು. ಅಂದರೆ ಸಣ್ಣತನ ಹಳೆಯದೇ. ಯಾರ್ಕಿ ಕೂಡ ಇಂಗ್ಲೆಂಡಿನ ಯಾರ್ಕ್‌ಶೈರಿನ ಗಿರಣಿಗಳಲ್ಲಿ ಇಲಿ ಹಿಡಿಯುತ್ತಿದ್ದ ಗಟ್ಟಿ ನಾಯಿ. ಕೆಡುವುದು ಎಲ್ಲಿ ಅಂದರೆ, ಪ್ರತಿ ಸೂಲಿನ ತೀರಾ ಬಡಕಲು ಮರಿಗಳನ್ನೇ ಆರಿಸಿ ಅವುಗಳನ್ನೇ ಮತ್ತೆ ಕೂಡಿಸುವುದರಲ್ಲಿ. ಮೈ ಕುಗ್ಗಿದಷ್ಟು ಹಲ್ಲು ಕುಗ್ಗುವುದಿಲ್ಲ. 42 ಹಲ್ಲು ಆ ಪುಟ್ಟ ದವಡೆಯಲ್ಲೇ ಹಿಡಿಸಬೇಕು. ಮೊಣಕಾಲ ಚಿಪ್ಪು ಕೂರುವ ಗುಳಿ ಆಳ ಇಲ್ಲದೆ ಜಾರುತ್ತದೆ. ಚುಕ್ಕಿಗೂ ಎಡಗಾಲಿನದು ಜಾರುತ್ತದೆ, ಓಡುವಾಗ ನಡುವೆ ಒಂದು ಹೆಜ್ಜೆ ಕಾಲೆತ್ತಿ ಕುಂಟಿ ಮತ್ತೆ ಸರಿಯಾಗುತ್ತಾಳೆ. ತಾಯಿ ನಾಯಿಗಂತೂ ಹೆರಿಗೆಯೇ ಕಷ್ಟ, ಎಷ್ಟೋ ಸಲ ಸಿಸೇರಿಯನ್. ಚುಕ್ಕಿಯ ತಾಯಿ ಎಲ್ಲಿ, ಹೇಗಿದೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಆ ರಾತ್ರಿ ನಾದಿನಿಯ ಮನೆಯಲ್ಲಿ ಅದೇ ಯೋಚನೆ.

ಒಂದು ತಿಂಗಳು ಔಷಧಿಯಲ್ಲಿಟ್ಟು ಗಟ್ಟಿ ಮಾಡಿಕೊಂಡು ಬನ್ನಿ ಅಂದರು. ಡಿಸೆಂಬರಿನಲ್ಲಿ ಮತ್ತೆ ಹೊರಟಾಗ ಅವಳು 1.15 ಕೆಜಿ. ನಮ್ಮ ಕಡೆ ಅದು ಹೊಳೆಗೆ ಕಟ್ಟ ಹಾಕುವ ಸಮಯ. ಆಪರೇಷನ್ನಿನಲ್ಲಿ ಆ ನಾಳವನ್ನು ಒಮ್ಮೆಗೇ ಕಟ್ಟುವುದಿಲ್ಲ. ಇಷ್ಟು ದಿನ ಒಣಗಿದ್ದ ಲಿವರ್ ಅಷ್ಟು ರಕ್ತವನ್ನು ಒಂದೇ ಸಲ ತಾಳುವುದಿಲ್ಲ. ಸೆಲೋಫೇನಿನ ಒಂದು ಪಟ್ಟಿ ಸುತ್ತುತ್ತಾರೆ. ಅದರ ಸುತ್ತ ಮೆಲ್ಲಮೆಲ್ಲ ಗಾಯದಂಥ ಪೊರೆ ಬೆಳೆದು, ವಾರಗಟ್ಟಲೆ ಕಳೆದು ನಾಳ ಮುಚ್ಚುತ್ತದೆ.

ಆಪರೇಷನ್ ಎರಡೂಕಾಲು ಗಂಟೆ. ಹೊರಗೆ ಬಂದ ಸರ್ಜನ್ ಮುಖ ನೋಡಿಯೇ ಗೊತ್ತಾಯಿತು, ಬದುಕಿದ್ದಾಳೆ ಅಂತ. ಆದರೆ ಮುಂದಿನ ಮೂರು ನಾಲ್ಕು ದಿನ ಫಿಟ್ಸ್ ಬರುವ ಅಪಾಯ ಇದೆ, ಬಂದರೆ ನಿಲ್ಲಿಸುವುದು ಕಷ್ಟ ಅಂದರು. ಈ ವಿಷಯ ಮೊದಲೇ ಗೊತ್ತಿರಲಿ. ಆಪರೇಷನ್ ಆಯಿತು ಅಂತ ಎದೆ ಹಗುರ ಮಾಡಿಕೊಂಡರೆ ಆ ನಾಲ್ಕು ದಿನ ತಡೆದುಕೊಳ್ಳಲು ಆಗುವುದಿಲ್ಲ. ಸಂಜೆ ಹದಿನೈದು ನಿಮಿಷ ನೋಡಲು ಬಿಟ್ಟರು. ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಮಲಗಿದ್ದಳು. ಹೊಟ್ಟೆಯ ಕೂದಲು ಬೋಳಿಸಿದ್ದರು. ತೆಳು ಚರ್ಮದ ಕೆಳಗೆ ವೀಳ್ಯದೆಲೆಯ ನರದ ಹಾಗೆ ನೀಲಿ ಗೆರೆಗಳು, ನಡುವೆ ಹನ್ನೊಂದು ಹೊಲಿಗೆ. ಮಗಳು ಎಣಿಸಿದಳು. "ಚುಕ್ಕಿ" ಅಂದದ್ದಕ್ಕೆ ಬಾಲದ ತುದಿ ಒಂದು ಸಲ ಅಲ್ಲಾಡಿತು. ನಾಲ್ಕು ದಿನ ಫಿಟ್ಸ್ ಬರಲಿಲ್ಲ. ಐದನೇ ದಿನ ಮನೆಗೆ ಹೊರಟೆವು.

ಖರ್ಚು ಎಲ್ಲರೂ ಕೇಳುತ್ತಾರೆ, ಅದಕ್ಕೆ ಬರೆಯುತ್ತೇನೆ. ಮೊದಲ ತುರ್ತು ಚಿಕಿತ್ಸೆಗಳು 4,600. ರಕ್ತ ಪರೀಕ್ಷೆ 2,800. ಬೈಲ್ ಆಸಿಡ್ ಎರಡು ಬಾರಿ ಸೇರಿ 6,800. ಸ್ಕ್ಯಾನಿಂಗ್ 1,500. ಸಿಟಿ 16,000. ಆಪರೇಷನ್, ಆಸ್ಪತ್ರೆಯ ದಿನಗಳು ಸೇರಿ 82,000. ಔಷಧಿ 14,000. ಓಡಾಟ 19,000. ಒಟ್ಟು 1,46,700 ರೂಪಾಯಿ, ಮರಿಯ ಬೆಲೆ ಬಿಟ್ಟು. ಆಸ್ಪತ್ರೆಯಿಂದ ಆಸ್ಪತ್ರೆಗೆ ಇದು ತುಂಬ ಬದಲಾಗಬಹುದು. ಆ ವರ್ಷದ ಅಡಿಕೆಯಲ್ಲಿ ಸ್ವಲ್ಪ ಮಾರದೆ ಇಟ್ಟಿದ್ದೆವು, ಅದು ಹೋಯಿತು.

ಜನವರಿಯಲ್ಲಿ ಸರ್ಜನ್ ಕೊಟ್ಟ ರಿಪೋರ್ಟನ್ನು ಬ್ರೀಡರಿಗೆ ಕಳಿಸಿದೆ. ದುಡ್ಡು ವಾಪಸ್ ಕೇಳಲಿಲ್ಲ. ಇದು ವಂಶದಲ್ಲಿ ಬರುವ ಕಾಯಿಲೆ, ಆ ಗಂಡು ಹೆಣ್ಣನ್ನು ಮತ್ತೆ ಕೂಡಿಸಬೇಡಿ, ಆ ಎರಡು ಮರಿ ಕೊಂಡವರಿಗೂ ಪರೀಕ್ಷೆ ಮಾಡಿಸಲು ಹೇಳಿ ಅಂತ ಬರೆದೆ. ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಮಾರ್ಚಿನಲ್ಲಿ ಅವನ ಸ್ಟೇಟಸ್‌ನಲ್ಲಿ ಅಂಗೈ ಮೇಲಿನ ಇನ್ನೊಂದು ಮರಿ, ಚುಕ್ಕಿಯ ಹಾಗೆಯೇ ಹಣೆಯಲ್ಲಿ ಕಂದು ಬಣ್ಣ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಗೆ ರಿಪೋರ್ಟ್, ದುಡ್ಡು ಕೊಟ್ಟ ರಸೀದಿ, ಮರಿಯ ವಯಸ್ಸಿನ ಬಗ್ಗೆ ನಮ್ಮ ಡಾಕ್ಟರ್ ಬರೆದ ಚೀಟಿ ಎಲ್ಲ ಸೇರಿಸಿ ದೂರು ಕಳಿಸಿದ್ದೇನೆ. ಮರಿ ತಂದ ಮೊದಲ ವಾರವೇ ಡಾಕ್ಟರಿಂದ ವಯಸ್ಸು, ತೂಕ ಬರೆಸಿಟ್ಟುಕೊಳ್ಳಿ. ಆಮೇಲೆ ಬರೆಸಲು ಆಗುವುದಿಲ್ಲ.

ಮಾರ್ಚ್ ಕೊನೆಗೆ ಎರಡನೇ ಸಲದ ಬೈಲ್ ಆಸಿಡ್ ಪರೀಕ್ಷೆ ಮಾಡಿಸಿದೆವು. ಈ ಸಲ ಎಂಟು ಗಂಟೆ ಉಪವಾಸ ತಡೆದುಕೊಂಡಳು. ಊಟದ ನಂತರದ ಅಂಕೆ 22. ಫಿಟ್ಸ್ ಔಷಧಿಯನ್ನು ಡಾಕ್ಟರ್ ಮೆಲ್ಲ ಇಳಿಸುತ್ತಿದ್ದಾರೆ. ಲ್ಯಾಕ್ಟುಲೋಸ್ ಇನ್ನೂ ಇದೆ. ಉದುರದೆ ಉಳಿದ ನಾಲ್ಕು ಹಾಲುಹಲ್ಲು ಕೀಳಿಸುವುದು, ಮರಿ ಆಗದ ಹಾಗೆ ಆಪರೇಷನ್, ಎರಡನ್ನೂ ಮುಂದಿನ ತಿಂಗಳು ಒಂದೇ ಅರಿವಳಿಕೆಯಲ್ಲಿ ಮಾಡುತ್ತಾರೆ. ನೆತ್ತಿ ಇನ್ನೂ ಕೂಡಿಲ್ಲ.

ನಿನ್ನೆ ತೂಗಿದೆವು. 1.7 ಕೆಜಿ. ಈಗ ಅವಳು ಹಾಳೆ ತಟ್ಟೆಯಲ್ಲಿ ಹಿಡಿಸುವುದಿಲ್ಲ. ಮುಂಗಾಲು ತಟ್ಟೆಯಲ್ಲಿ, ಹಿಂಗಾಲು ಹೊರಗೆ. ಅತ್ತೆ ನೋಡಿ, "ಈಗ ನಾಯಿಯ ಹಾಗೆ ಕಾಣ್ತದೆ" ಅಂದು, ಮೊಸರನ್ನ ಕಲಸಲು ಒಳಗೆ ಹೋದರು.